ಸೋರೆ ಹೂವಿಗೆ ಬರುತ್ತಿದ್ದ ಹುಳ

ನನ್ನ ತಮ್ಮ ಪಂಪಣ್ಣನಿಗೆ ನಾನು ಹೇಳಬೇಕಾಗಿದ್ದ ಮಾತೊಂದಿತ್ತು. ಹೊತ್ತಿಗೆ ಸರಿಯಾಗಿ ಹೇಳಿದ್ದರೆ ಗಾದಿಗನೂರಿನ ಅವನ ಎರಡು ಎಕರೆ ಇವತ್ತಿಗೂ ಹೊಲವಾಗಿಯೇ ಇರುತ್ತಿತ್ತೋ ಏನೋ. ನಾನು ಹೇಳಲಿಲ್ಲ. ತಿಳಿಯದೆ ಮಾಡಿದ ತಪ್ಪು ಒಂದು. ತಿಳಿದ ಮೇಲೂ ಬಾಯಿ ಬಿಡದೆ ಕೂತದ್ದು ಅದಕ್ಕಿಂತ ದೊಡ್ಡದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವ ಹುಳಗಳ ಚಂದದಲ್ಲಿ ಇದು ಮುಚ್ಚಿಹೋಗುತ್ತದೆ.

ಕಂಪ್ಲಿ ಹತ್ತಿರದ ಭತ್ತದ ಫಾರಂನಲ್ಲಿ ಹುಳದ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು, "ನಿಮ್ಮ ಕೆಲಸದ್ದು ಒಂದಿಷ್ಟು ಬರಕೊಡ್ರಿ, ನಮಗ ಉಪಯೋಗಾಗ್ತೈತಿ" ಎಂದು ಕೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ರಿಜಿಸ್ಟರಿನಲ್ಲಿ ಹುಳಗಳ ಹೆಸರು ಬರೆದೂ ಬರೆದೂ ಅಕ್ಷರ ದುಂಡಾಯಿತು. ದಿನಗೂಲಿಯವಳು ಯಾವಾಗ ಕಾಯಂ ಆದೆ, ಯಾವ ಆರ್ಡರು ಯಾವಾಗ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ನೀವು ಕಲಿಯುವಂಥದ್ದು ಏನೂ ಇಲ್ಲ.

ನನ್ನ ತವರು ಗಾದಿಗನೂರು, ಕೊಟ್ಟದ್ದು ಕಂಪ್ಲಿಗೆ. ಫಾರಂನಲ್ಲಿ ಭತ್ತ ನಾಟಿಗೆಂದು ಹೋಗುತ್ತಿದ್ದವಳನ್ನು ಒಂದು ದಿನ ದೇಸಾಯಿ ಸಾಹೇಬರು ಬದುವಿನ ಮೇಲೆ ನಿಂತು ಕರೆದರು. ಅವರು ಹುಳದ ವಿಭಾಗದ ಮುಖ್ಯಸ್ಥರು.

"ನಿನ್ನ ಕಣ್ಣು ಚುರುಕದಾವು. ನಾಳಿಂದ ಬಲ್ಬಿನ ಪೆಟ್ಟಿಗಿ ನೀನ ನೋಡ್ಕೋ."

ಬಲ್ಬಿನ ಪೆಟ್ಟಿಗೆ ಎಂದರೆ ದೀಪದ ಬಲೆ. ಕಂಬಕ್ಕೆ ಒಂದು ಬಲ್ಬು, ಅದರ ಮೇಲೆ ತಗಡಿನ ಟೋಪಿ, ಕೆಳಗೆ ದೊಡ್ಡ ಆಲಿಕೆ, ಆಲಿಕೆಯ ಬಾಯಿಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಔಷಧಿಯಲ್ಲಿ ಅದ್ದಿದ ಹತ್ತಿ. ಬೆಳಕಿಗೆ ಬಂದ ಹುಳ ಆಲಿಕೆಯಲ್ಲಿ ಜಾರಿ ಒಳಗೆ ಬಿದ್ದು ಸಾಯುತ್ತದೆ. ಬೆಳಿಗ್ಗೆ ಆರಕ್ಕೆ ಹೋಗಿ ಪೆಟ್ಟಿಗೆಯನ್ನು ಬಿಳಿ ತಟ್ಟೆಗೆ ಸುರಿದು, ಬೇರೆ ಮಾಡಿ, ಎಣಿಸಿ ಬರೆಯುವುದು ನನ್ನ ಕೆಲಸ. ರಿಜಿಸ್ಟರಿನಲ್ಲಿ ಕಾಂಡ ಕೊರೆಯುವ ಹುಳಕ್ಕೆ ಒಂದು ಕಾಲಂ, ಎಲೆ ಸುರುಳಿ ಹುಳಕ್ಕೆ ಒಂದು, ಕೊಳವೆ ಹುಳಕ್ಕೆ ಒಂದು. ಇವು ಭತ್ತದ ವೈರಿಗಳು. ಕೊನೆಯ ಕಾಲಮ್ಮಿನ ಹೆಸರು "ಇತರೆ". ತಟ್ಟೆಯ ಮುಕ್ಕಾಲು ಪಾಲು ಯಾವತ್ತೂ ಇತರೆಯೇ. ಅದನ್ನು ಅಂದಾಜಿನಲ್ಲಿ ಬರೆದು ಗೊಬ್ಬರದ ಗುಂಡಿಗೆ ಚೆಲ್ಲುತ್ತಿದ್ದೆ.

ನನ್ನ ಹೆಸರು ಹುಲಿಗೆಮ್ಮ. ಮೂರು ತಿಂಗಳಾಗುವಷ್ಟರಲ್ಲಿ ನಾಟಿಯ ಹೆಂಗಸರ ಬಾಯಲ್ಲಿ ನಾನು ಹುಳಗೆಮ್ಮ ಆಗಿದ್ದೆ. ತವರಿನಲ್ಲಿ ಮಾತ್ರ ಪಂಪಣ್ಣ ಎಲ್ಲರಿಗೂ, "ನಮ್ಮಕ್ಕ ಹುಳದ ಆಫೀಸರು" ಎಂದು ಹೇಳಿಕೊಂಡು ತಿರುಗುತ್ತಿದ್ದ. ಕೇಳಲು ನನಗೂ ಹಿತವಾಗಿತ್ತು.

ಮೊದಲ ವರ್ಷದ ಒಂದು ಮೂರ್ಖತನ ಹೇಳುತ್ತೇನೆ. ಒಂದು ಬೆಳಿಗ್ಗೆ ಮೈ ಹುಷಾರಿಲ್ಲದೆ ತಡವಾಗಿ ಹೋದೆ. ಪೆಟ್ಟಿಗೆಯೊಳಗೆ ಇರುವೆ ಬಿಟ್ಟರೆ ಏನೂ ಇರಲಿಲ್ಲ. ಇರುವೆಗಳು ಎಲ್ಲವನ್ನೂ ಹೊತ್ತುಕೊಂಡು ಹೋಗಿವೆ ಎಂದು ತಿಳಿದು, ಹಿಂದಿನ ದಿನದ ಲೆಕ್ಕವನ್ನೇ ಒಂದೆರಡು ಹೆಚ್ಚುಕಡಿಮೆ ಮಾಡಿ ಬರೆದೆ. ದೇಸಾಯಿ ಸಾಹೇಬರು ಪುಟ ನೋಡಿದರು, ನನ್ನ ಮುಖ ನೋಡಿದರು.

"ನಿನ್ನೆ ರಾತ್ರಿಯೆಲ್ಲ ಕರೆಂಟ ಇದ್ದಿಲ್ಲಲ್ಲ ಹುಲಿಗೆಮ್ಮ. ಹುಳ ಏನು ಕಂದೀಲು ಹಿಡಕೊಂಡು ಬಂದಿದ್ವೇನು?"

ಅವರು ಬಯ್ಯಲಿಲ್ಲ. ಪೆನ್ನು ಕೊಟ್ಟು, ನಾನು ಬರೆದದ್ದನ್ನು ನನ್ನ ಕೈಯಿಂದಲೇ ಗೀಟು ಎಳೆದು ಹೊಡೆಸಿ, ಪಕ್ಕದಲ್ಲಿ "ಕರೆಂಟು ಇರಲಿಲ್ಲ" ಎಂದು ಬರೆಸಿದರು. ಅಂದಿನಿಂದ ರಿಜಿಸ್ಟರಿನಲ್ಲಿ ನಾನು ಸುಳ್ಳು ಬರೆದಿಲ್ಲ. ಸುಳ್ಳು ಹೇಳಿದ್ದು ಬೇರೆ ಕಡೆ.

ಅದು ಅದಿರಿನ ಕಾಲದ ಶುರುವಾತು. ಸಂಡೂರಿನ ಗುಡ್ಡಗಳಿಂದ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ಗಾದಿಗನೂರಿನ ರಸ್ತೆ ಪಕ್ಕದ ಬೇಲಿ, ಬೇವು, ಎಮ್ಮೆಯ ಬೆನ್ನು ಎಲ್ಲವೂ ಕೆಂಪು. ಪಂಪಣ್ಣನ ಹೊಲ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಬಾವಿಯ ನೀರು ಚೆನ್ನಾಗಿತ್ತು. ಅವನು ಚಪ್ಪರ ಹಾಕಿ ಸೋರೆ ಬೆಳೆಯುತ್ತಿದ್ದ. ಅವನ ಸೋರೆಕಾಯಿ ಹೊಸಪೇಟೆ ಮಾರ್ಕೆಟ್ಟಿನಲ್ಲಿ ಹೆಸರು ಮಾಡಿತ್ತು. ಉಗುರಿನಿಂದ ಒತ್ತಿದರೆ ಹಾಲು ಬರುವಷ್ಟು ಎಳೆಯವು.

ಪಂಚಮಿಗೆ ತವರಿಗೆ ಹೋದಾಗ ಅವನು ಸಂಭ್ರಮದಿಂದ ಹೇಳಿದ.

"ಅಕ್ಕ, ಸಂಜಿ ಆತಂದ್ರ ಸೋರಿ ಹೂವಿಗೆ ಹುಳ ಬರ್ತಾವ. ಹೆಬ್ಬಟ್ಟಿಗಿಂತ ದೊಡ್ಡವು. ಗುಂಯ್ ಅಂತಾವ. ನೋಡು ಬಾ, ಭಾಳ ಮಸ್ತ್ ಅದಾವ."

"ಹುಳ ಬಂದ್ರ ನೋಡಾದೇನೈತಿ? ಕೊಲ್ಲಬೇಕು."

"ಅವೇನು ಕಡಿಯಂಗಿಲ್ಲಕ್ಕ. ಹೂವಿನ ಮುಂದ ಸುಮ್ನ ನಿಂತು ಹೋಗ್ತಾವ."

"ನಿನಗೇನು ಗೊತ್ತಲೇ? ಇವತ್ತು ನಿಲ್ತಾವ, ನಾಳೆ ಮೊಟ್ಟಿ ಇಡ್ತಾವ, ನಾಡಿದ್ದು ನಿನ್ನ ಬಳ್ಳಿ ಬೋಳು."

"ಆತು ಬಿಡು. ನೀನ ಹೇಳಿದ ಮ್ಯಾಲ ಮುಗೀತಲ್ಲ."

ನಮ್ಮ ಮಾತಿನಲ್ಲಿ ಎಲೆ ತಿನ್ನುವುದೂ ಹುಳ, ಹೂವಿಗೆ ಬರುವುದೂ ಹುಳ, ದೀಪಕ್ಕೆ ಬೀಳುವುದೂ ಹುಳ. ಅವನು ಒಂದನ್ನು ಹೇಳಿದ, ನಾನು ಇನ್ನೊಂದನ್ನು ಕೇಳಿಸಿಕೊಂಡೆ. ಚಪ್ಪರ ನಾಲ್ಕು ಮಾರು ದೂರದಲ್ಲಿತ್ತು. ಎದ್ದು ಹೋಗಿ ನೋಡಿದ್ದರೆ ಸಾಕಿತ್ತು. ನಾನು ಹೋಳಿಗೆ ತಿನ್ನುತ್ತ ಕೂತಿದ್ದೆ.

ಫಾರಂನ ಶೆಡ್ಡಿನಲ್ಲಿ ಮೂಲೆಗೆ ಬಿದ್ದ ಹಳೆಯ ದೀಪದ ಬಲೆ ಒಂದಿತ್ತು. ಯಾರನ್ನೂ ಕೇಳದೆ, ಗೋಣಿ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹಾಕಿಕೊಂಡು ಹೋಗಿ ತಮ್ಮನ ಚಪ್ಪರದ ಪಕ್ಕ ನಿಲ್ಲಿಸಿದೆ. ಬದುವಿನ ಮೇಲೆ ಹಬ್ಬಿದ್ದ ಕಾಡು ಹಂಬುಗಳಲ್ಲಿ ಹುಳ ಅಡಗಿರುತ್ತವೆಂದು ಅವನ್ನೂ ಕೀಳಿಸಿದೆ. ವಾರ ಬಿಟ್ಟು ಅವನು ಫೋನು ಮಾಡಿದ. "ಪೆಟ್ಟಿಗಿ ತುಂಬ ಬಿದ್ದಾವಕ್ಕ." ನನಗೆ ಬಹಳ ಹೆಮ್ಮೆಯಾಯಿತು.

ಮುಂದಿನ ವರ್ಷ ದೇಸಾಯಿ ಸಾಹೇಬರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಮೈಸೂರಿನ ಕಡೆಯಿಂದ ಸುಮಿತ್ರಾ ಮೇಡಂ ಬಂದರು. ಮೊದಲ ದಿನವೇ ರಿಜಿಸ್ಟರ್ ತಿರುವಿ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಇತರೆ ಅಂದ್ರೆ ಯಾವ್ಯಾವುದು?"

"ಇತರೆ ಅಂದ್ರ ಇತರೇರಿ."

"ಇವತ್ತಿನ ಇತರೆ ಎಲ್ಲಿದೆ?"

"ಗೊಬ್ಬರದ ಗುಂಡ್ಯಾಗೈತ್ರಿ."

ಅವರು ಸೀರೆ ಎತ್ತಿಕಟ್ಟಿ ಗುಂಡಿಗೆ ಇಳಿದೇಬಿಟ್ಟರು. ಒಂದು ಹಿಡಿ ತಂದು ತಟ್ಟೆಯಲ್ಲಿ ಹರಡಿ, ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ನಾನು ಎರಡು ವರ್ಷದಿಂದ ದಿನವೂ ಚೆಲ್ಲುತ್ತಿದ್ದ ಕಸವನ್ನು ಆ ದಿನ ಮೊದಲ ಸಲ ನೋಡಿದೆ. ಅಕ್ಕಿಕಾಳಿನಷ್ಟು ಬಿಳಿಯ ಹುಳದ ರೆಕ್ಕೆಯ ಅಂಚಿಗೆ ಜರಿ ನೇಯ್ದ ಹಾಗಿತ್ತು. ಇನ್ನೊಂದರ ರೆಕ್ಕೆಯ ಮೇಲೆ ಬೆಳ್ಳಿಯ ಹನಿ. ಒಣಗಿದ ಹುಲ್ಲಿನ ಚೂರೆಂದು ನಾನು ಊದಿ ಹಾರಿಸುತ್ತಿದ್ದದ್ದಕ್ಕೆ ಕಾಲುಗಳಿದ್ದವು, ಗರಿಯಂಥ ಮೀಸೆಯಿತ್ತು. ಆರು ಕಾಲಿನ ಮೇಲೂ ಉಣ್ಣೆಯ ಹಾಗೆ ಕೂದಲು. ನಾನು ತಲೆ ಎತ್ತುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬೆರಳಿಗೆಲ್ಲ ಅವುಗಳ ರೆಕ್ಕೆಯ ಪುಡಿ ಮೆತ್ತಿ ಹೊಳೆಯುತ್ತಿತ್ತು. ಅವತ್ತು ಊಟಕ್ಕೆ ಕೈ ತೊಳೆಯಲು ಮನಸ್ಸಾಗಲಿಲ್ಲ.

"ಹುಳ ಅಂತ ನಿಲ್ಲಿಸಬೇಡಿ ಹುಲಿಗೆಮ್ಮ. ಯಾವ ಹುಳ ಅಂತ ಕೇಳಿಕೊಳ್ಳಿ. ಇವಕ್ಕೆ ಪತಂಗ ಅಂತಾರೆ. ಇದರಲ್ಲಿ ನಿಮ್ಮ ಭತ್ತ ತಿನ್ನೋದು ಬೆರಳೆಣಿಕೆಯಷ್ಟು."

ಅವರ ಕಾಲದಲ್ಲಿ ಕೆಲಸದ ರೀತಿಯೇ ಬದಲಾಯಿತು. ಭತ್ತದ ಲೆಕ್ಕಕ್ಕೆ ಒಂದು ಬಲೆ ಉಳಿಯಿತು. ಬೇರೆ ಊರುಗಳ ಹೊಲಗಳಲ್ಲಿ ಕೊಲ್ಲುವ ಪೆಟ್ಟಿಗೆ ಇಲ್ಲ. ಬಿಳಿ ಬಟ್ಟೆ ಕಟ್ಟಿ ಎದುರಿಗೆ ದೀಪ ಇಡುವುದು, ಬೆಳಗಾಗುವ ಮೊದಲು ಹೋಗಿ ಕೂತ ಪತಂಗಗಳ ಫೋಟೋ ತೆಗೆಯುವುದು, ಹಕ್ಕಿಗಳು ಬರುವ ಮೊದಲು ಒಂದೊಂದನ್ನೂ ಪೊದೆಯ ನೆರಳಿಗೆ ಬಿಡುವುದು. ಈ ಕೊನೆಯದನ್ನು ಹೊಸಬರು ಮರೆಯುತ್ತಾರೆ. ಮರೆಯಬೇಡಿ. ಒಂದು ಸಲ ನಾನು ಚಹಾ ಕುಡಿದು ಬರುವಷ್ಟರಲ್ಲಿ ಎರಡು ಕಾಜಾಣ ಹಕ್ಕಿಗಳು ಇಡೀ ಬಟ್ಟೆಯನ್ನು ಗುಡಿಸಿ ಹಾಕಿದ್ದವು.

ಒಂದು ನಸುಕಿನಲ್ಲಿ ವಡ್ಡು ಎಂಬ ಊರಿನ ಜೋಳದ ಹೊಲದ ಅಂಚಿನಲ್ಲಿದ್ದೆವು. ಅದಿರು ತುಂಬಿದ ಲಾರಿ ಒಂದು ನಿಂತಿತು. ಡ್ರೈವರ್ ಇಳಿದು ಬಂದ. ಹಲ್ಲು ಬಿಟ್ಟರೆ ಬಿಳುಪು, ಮಿಕ್ಕಿದ್ದೆಲ್ಲ ಕೆಂಪು.

"ಏನಮ್ಮಾ, ಸಿನಿಮಾ ಹಾಕೀರೇನು? ಪರದೆ ಕಟ್ಟೀರಿ."

"ಹೂಂನಪ್ಪ, ಟಿಕೇಟಿಲ್ಲ. ಬಂದು ನೋಡು," ಎಂದೆ.

ಬಟ್ಟೆಯ ಕೆಳಮೂಲೆಯಲ್ಲಿ ಅಂಗೈ ಅಗಲದ ಪತಂಗ ಕೂತಿತ್ತು. ಎಳೆ ಸೌತೆಕಾಯಿಯ ತಿರುಳಿನ ಬಣ್ಣ. ಹಿಂದಿನ ರೆಕ್ಕೆಗಳು ಎರಡು ಉದ್ದ ಬಾಲಗಳಾಗಿ ಇಳಿದಿದ್ದವು. ಪ್ರತಿ ರೆಕ್ಕೆಯಲ್ಲೂ ಒಂದೊಂದು ಕಣ್ಣಿನ ಗುರುತು. ಇದು ಚಂದ್ರ ಪತಂಗ, ಗುಡ್ಡದ ಕಾಡಿನಿಂದ ಬಂದಿರಬೇಕು ಎಂದು ಮೇಡಂ ಹೇಳಿದರು. ಇದಕ್ಕೆ ಉಣ್ಣಲು ಬಾಯಿಯೇ ಇಲ್ಲ. ಮರಿಯಾಗಿದ್ದಾಗ ತಿಂದದ್ದರ ಮೇಲೆ ಏಳೆಂಟು ದಿನ ಬದುಕಿ, ಮೊಟ್ಟೆ ಇಟ್ಟು ಮುಗಿಯುತ್ತದೆ ಎಂದರು.

ಡ್ರೈವರ್ ಕುಕ್ಕರಗಾಲಲ್ಲಿ ಕೂತು ಅದನ್ನು ಹತ್ತಿರದಿಂದ ನೋಡಿದ. ಆಮೇಲೆ, "ಬಾಯಿ ಇಲ್ಲದಾಕಿಗೆ ಇಷ್ಟು ಅಲಂಕಾರ ಯಾಕಮ್ಮಾ?" ಎಂದ. ಅದರ ರೆಕ್ಕೆಯ ಮೇಲೂ ರಸ್ತೆಯ ಕೆಂಪು ತೆಳ್ಳಗೆ ಕೂತಿತ್ತು. ಮೇಡಂ ಉಸಿರು ತಾಗದಂತೆ ಅದನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಕಾರೆ ಪೊದೆಗೆ ಬಿಟ್ಟರು. ಡ್ರೈವರ್ ಲಾರಿ ಚಾಲೂ ಮಾಡಿದವನು ಹಾರ್ನು ಹೊಡೆಯದೆ ಹೋದ.

ಹಂಪಿಯ ಬಾಳೆ ತೋಟಗಳ ನಡುವಿನ ಪಾಳು ಮಂಟಪವೊಂದರಲ್ಲಿ ಇನ್ನೊಂದು ಕಂಡೆ. ಕಂಬಕ್ಕೆ ಒರಗಿ ಬುತ್ತಿ ಬಿಚ್ಚಿದರೆ ಕಂಬದ ಕಲ್ಲೇ ಎದ್ದು ಹಾರಿತು. ಮತ್ತೆ ಕೂತಿತು, ಮತ್ತೆ ಕಲ್ಲಾಯಿತು. ನಾನು ಬೆರಳು ತೋರಿಸಿದ ಜಾಗದಲ್ಲೇ ಅದಿದ್ದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಮರಿಯಮ್ಮನಹಳ್ಳಿ ಕಡೆಯ ಎಳ್ಳಿನ ಹೊಲದಲ್ಲಿ ಸಿಕ್ಕಿದ ಪತಂಗವನ್ನು ಮೆಲ್ಲಗೆ ಹಿಡಿದರೆ ಇಲಿಯ ಹಾಗೆ ಚೀಂಯ್ ಎಂದು ಕೂಗಿತು. ನಾನು ಅದನ್ನು ಬಿಟ್ಟು ಎರಡು ಸಾಲು ಆಚೆ ಓಡಿದೆ. ಜೇನುಗೂಡಿಗೆ ನುಗ್ಗಿ ತುಪ್ಪ ಕುಡಿಯುವ ಧೈರ್ಯದ ಪತಂಗ ಅದು. ಇಷ್ಟೆಲ್ಲ ನನ್ನ ಸುತ್ತಲ ಹೊಲಗಳಲ್ಲೇ ಇದ್ದವು. ನಲವತ್ತು ವರ್ಷ ನಾನು ಇವುಗಳ ನಡುವೆಯೇ ಓಡಾಡಿದ್ದೆ.

ಗಾದಿಗನೂರಿನಿಂದ ಮಾತ್ರ ಒಳ್ಳೆಯ ಸುದ್ದಿ ಬರುತ್ತಿರಲಿಲ್ಲ. ದೀಪ ಇಟ್ಟ ವರ್ಷ ಪಂಪಣ್ಣನ ಚಪ್ಪರದಲ್ಲಿ ಕಾಯಿ ಅರ್ಧವಾಯಿತು. ಮರುವರ್ಷ ಇನ್ನೂ ಕಡಿಮೆ. ಹೂವಿಗೇನೂ ಬರವಿರಲಿಲ್ಲ. ಹೂವಿನ ಬುಡದ ಬೆರಳುದ್ದದ ಪೀಚು ಹಳದಿಯಾಗಿ ಮುದುಡಿ ಉದುರುತ್ತಿತ್ತು. "ಧೂಳಕ್ಕ, ಅದಿರಿನ ಧೂಳು ಹೂವು ತಿನ್ನಾಕತ್ತೈತಿ," ಎಂದ. ನಾನೂ ಹೌದೆಂದೆ. ಆಗ ನಾನು ನಂಬಿದ್ದೂ ಅದನ್ನೇ.

ಅದೇ ವರ್ಷ ಮೇಡಂ ಫಾರಂನ ತರಕಾರಿ ಮಡಿಯಲ್ಲಿ ಸೋರೆ ಹಾಕಿಸಿದರು. ಒಂದು ಸಂಜೆ ಅರಳುವ ಮೊಗ್ಗುಗಳಲ್ಲಿ ಕೆಲವಕ್ಕೆ ತೆಳು ಬಟ್ಟೆಯ ಚೀಲ ಕಟ್ಟಲು ಹೇಳಿದರು, ಕೆಲವನ್ನು ಹಾಗೇ ಬಿಡಲು ಹೇಳಿದರು. ಯಾಕೆಂದು ಕೇಳಿದೆ.

"ಸುಮ್ನೆ ಕೂತ್ಕೊಳ್ಳಿ. ಯಾರು ಬರ್ತಾರೆ ನೋಡಿ."

ಹೊತ್ತು ಮುಳುಗಿತು. ಹೂವುಗಳು ಒಂದೊಂದಾಗಿ ಬಿಳಿಯ ಕರವಸ್ತ್ರ ಬಿಚ್ಚಿದಂತೆ ಅರಳಿದವು. ಆಗ ನನ್ನ ಕೆನ್ನೆಗೆ ಗಾಳಿ ತಾಗಿತು. ಬೂದು ಬಣ್ಣದ್ದು, ಹೆಬ್ಬೆರಳಿಗಿಂತ ದಪ್ಪ, ಹೊಟ್ಟೆಯ ಮೇಲೆ ಗುಲಾಬಿ ಪಟ್ಟೆ. ಅದು ಹೂವಿನ ಮೇಲೆ ಕೂರಲಿಲ್ಲ. ಹೂವಿನ ಎದುರು ಗಾಳಿಯಲ್ಲಿ ನಿಂತಿತು. ರೆಕ್ಕೆ ಕಾಣಿಸುತ್ತಿರಲಿಲ್ಲ, ಗುಂಯ್ ಎಂಬ ಸದ್ದು ಮಾತ್ರ. ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿದ್ದ ನಾಲಿಗೆ ಬಿಚ್ಚಿತು, ತನ್ನ ಮೈಗಿಂತ ಉದ್ದ. ದೂರ ನಿಂತೇ ಹೂವಿನ ತಳ ಮುಟ್ಟಿ ಕುಡಿಯಿತು. ಮುಖದ ತುಂಬ ಗಂಡು ಹೂವಿನ ಪುಡಿ ಮೆತ್ತಿಸಿಕೊಂಡು ಪಕ್ಕದ ಹೆಣ್ಣು ಹೂವಿಗೆ ಹೋಯಿತು. ಅಂಥ ಕೆಲಸಗಾರರನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ನನ್ನ ಕೈಗಳು ತಾವಾಗಿ ಜೋಡಿಕೊಂಡವು.

ಆಮೇಲೆ ನನ್ನ ತಮ್ಮನ ಮಾತು ನೆನಪಾಯಿತು. ಹೂವಿನ ಮುಂದೆ ನಿಂತು ಹೋಗ್ತಾವೆ ಎಂದಿದ್ದ.

"ಮೇಡಂ, ಇವು ದೀಪಕ್ಕ ಬೀಳ್ತಾವೇನ್ರಿ?"

"ಬೀಳ್ತವೆ. ಸೋರೆ ಚಪ್ಪರದ ಹತ್ತಿರ ದೀಪದ ಬಲೆ ಇಟ್ರೆ ಮುಗೀತು. ಹೊಲದ ಬದುವಿನ ಮೇಲೆ ಕಾಡು ಹಂಬು ಹಬ್ಬಿರುತ್ತಲ್ಲ, ಅದರ ಎಲೆ ಮೇಲೇ ಇವುಗಳ ಮರಿ ಬೆಳೆಯೋದು. ಅದನ್ನೂ ಕಿತ್ರೆ ಮುಂದಿನ ವರ್ಷಕ್ಕೆ ಬೀಜವೂ ಇಲ್ಲ."

ವಾರ ಕಳೆದ ಮೇಲೆ ಚೀಲ ಕಟ್ಟಿದ ಹೂವಿನ ಪೀಚುಗಳೆಲ್ಲ ಹಳದಿಯಾಗಿ ಉದುರಿದವು. ಬಿಟ್ಟ ಹೂವುಗಳು ಕಾಯಿ ಕಟ್ಟಿದವು. ಗಾದಿಗನೂರಿನಲ್ಲಿ ಉದುರುತ್ತಿದ್ದ ಪೀಚುಗಳಿಗೂ ಇವಕ್ಕೂ ಒಂದೆಳೆ ವ್ಯತ್ಯಾಸವಿರಲಿಲ್ಲ.

ಹತ್ತು ದಿನವೂ ಆಗಿರಲಿಲ್ಲ, ಪಂಪಣ್ಣ ಕಂಪ್ಲಿಗೆ ಬಂದ. ಅಂಗಳದಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡರೆ ಟವೆಲು ಕೆಂಪಾಯಿತು.

"ಅದಿರು ಸುರಿಯಾಕ ಹೊಲ ಕೇಳಾಕತ್ಯಾರಕ್ಕ. ಒಪ್ಪಂದ ಮಾಡ್ಕೊಂತಾರಂತ. ಕಾಯಿ ಹಿಡಿಯಂಗಿದ್ರ ನಾನು ಯಾಕ ಕೊಡ್ಲಿ? ನೀನು ಹುಳ ಬೆಳಿ ಎಲ್ಲಾ ತಿಳಿದಾಕಿ. ಇನ್ನೊಂದು ವರ್ಷ ನೋಡು ಅಂದ್ರ ನೋಡ್ತೀನಿ. ನೀನ ಹೇಳು."

ಹೇಳಲು ಇದ್ದದ್ದು ಇಷ್ಟೇ: ಪಂಪಣ್ಣ, ಆ ದೀಪ ಕಿತ್ತು ಹಾಕು, ಹಂಬು ಬೆಳೆಯಲು ಬಿಡು, ಅಲ್ಲಿಯವರೆಗೆ ಸಂಜೆ ಹೊತ್ತು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸು. ಮಾತು ನಾಲಿಗೆಯ ತನಕ ಬಂತು. ಹೇಳಿದರೆ ಅದು ಬಾಯಿಂದ ಬಾಯಿಗೆ ಹೋಗಿ, ದೀಪ ಎಲ್ಲಿಂದ ಬಂತೆಂಬುದು ಫಾರಂಗೆ ತಿಳಿಯುತ್ತದೆ. ಆಗ ನಾನಿನ್ನೂ ಕಾಯಂ ಆಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹುಳದ ಆಫೀಸರ್ ಎಂದು ಊರೆಲ್ಲ ಹೇಳಿಕೊಂಡವನ ಮುಖವನ್ನು ಆಮೇಲೆ ಹೇಗೆ ನೋಡುವುದು?

"ಧೂಳಿನ ಮುಂದ ನಾವೇನು ಮಾಡಾಕಾಗ್ತೈತಪ್ಪ. ನಿನ್ನಿಷ್ಟ," ಎಂದೆ.

ಅವನು ತಲೆ ಆಡಿಸಿ, ಚಹಾ ಕುಡಿದು ಹೋದ.

ಆ ಬೇಸಿಗೆಯಲ್ಲಿ ಚಪ್ಪರ ಕಿತ್ತರು. ಬಾವಿಯ ಪಕ್ಕದಿಂದ ಶುರುವಾದ ಅದಿರಿನ ರಾಶಿ ಮಳೆಗಾಲದ ಹೊತ್ತಿಗೆ ಗುಡ್ಡವಾಯಿತು. ಅದಕ್ಕೆ ಕಾವಲಾಗಿ ಎತ್ತರದ ಕಂಬಗಳ ಮೇಲೆ ದೊಡ್ಡ ಲೈಟುಗಳು ಬಂದವು. ಬೆಳಿಗ್ಗೆ ಕಂಬದ ಬುಡದಲ್ಲಿ ಹಕ್ಕಿಗಳು ಪತಂಗ ಆರಿಸಿ ತಿನ್ನುತ್ತಿದ್ದುದನ್ನು ನೋಡಿ ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಗಣಿ ನಿಂತ ಮೇಲೆ ರಾಶಿಯನ್ನು ಎತ್ತಿಕೊಂಡು ಹೋದರು. ಮೊಣಕಾಲುದ್ದ ಅಗೆದರೂ ಪುಡಿ ಅದಿರೇ ಉಳಿದಿತ್ತು. ಪಂಪಣ್ಣ ಊರ ಹತ್ತಿರದ ಕಾರ್ಖಾನೆಯಲ್ಲಿ ವಾಚ್‌ಮನ್ ಆದ. ಸಿಕ್ಕಾಗಲೆಲ್ಲ ಅವನು ಅನ್ನುತ್ತಿದ್ದದ್ದು ಒಂದೇ. "ನೀನು ಲೈಟ್ ಕೊಟ್ಟಿದ್ದಿಯಕ್ಕ. ನಿನ್ನ ಕೈಲಾದದ್ದು ನೀ ಮಾಡಿದಿ." ಆ ಮಾತಿಗೆ ನಾನು ಪ್ರತಿ ಸಲವೂ ಸುಮ್ಮನಿದ್ದೆ. ನಾನು ಹೇಳಿದ ಸುಳ್ಳು ಇದು.

ನಿವೃತ್ತಿಯಾದ ಮೇಲೆ, ಹೋದ ವರ್ಷ, ಫಾರಂನವರು ಗಾದಿಗನೂರಿನ ಶಾಲೆಯಲ್ಲಿ ರೈತರ ಸಭೆ ಮಾಡಿದರು. ಹೊಲದ ಪತಂಗಗಳನ್ನು ಯಾಕೆ ಉಳಿಸಬೇಕೆಂದು ತಿಳಿಸುವ ಸಭೆ. ನಾನು ನೋಡಿದ್ದನ್ನು ಹೇಳಲು ಕರೆದಿದ್ದರು. ಚಂದ್ರ ಪತಂಗದ ಫೋಟೋ ತೋರಿಸಿದಾಗ ಹೆಂಗಸರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಪಂಪಣ್ಣ ವಾಚ್‌ಮನ್ ಅಂಗಿಯಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ.

ರೈತನೊಬ್ಬ ಎದ್ದು, "ನಮ್ಮ ಸೋರಿ, ಹೀರಿ ಹೂವು ಉದುರ್ತಾವ್ರಿ. ಏನು ಮಾಡಬೇಕು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಪಂಪಣ್ಣ ಎದ್ದ. "ನಮ್ಮಕ್ಕನ್ನ ಕೇಳ್ರಿ. ಆಗಿನ ಕಾಲಕ್ಕ ನನಗ ಲೈಟಿನ ಪೆಟ್ಟಿಗಿ ತಂದು ಕೊಟ್ಟಿದ್ಲು. ದಿನಾ ತುಂಬ ಹುಳ ಬೀಳ್ತಿದ್ವು. ಧೂಳೊಂದು ಇಲ್ಲದಿದ್ರ ನನ್ನ ಚಪ್ಪರ ಉಳೀತಿತ್ತು."

"ಈಗ ಧೂಳೇನು ಅಷ್ಟಿಲ್ಲಲ್ಲ," ಎಂದ ಆ ರೈತ. "ಹಂಗಾರ ನಮಗೂ ಒಂದೊಂದು ಪೆಟ್ಟಿಗಿ ಕೊಡಸ್ರಿ."

ನಾಲ್ಕೈದು ಕೈ ಮೇಲೆದ್ದವು. ಫಾರಂನ ಹೊಸ ಹುಡುಗಿಯೊಬ್ಬಳು ಹೆಸರು ಬರೆದುಕೊಳ್ಳಲು ಪೆನ್ನು ತೆಗೆದಳು. ನಾನು ಸುಮ್ಮನಿದ್ದರೆ ಕೈ ಎತ್ತಿದ ಪ್ರತಿಯೊಬ್ಬರ ಚಪ್ಪರದ ಪಕ್ಕವೂ ಒಂದೊಂದು ದೀಪ ನಿಲ್ಲುತ್ತಿತ್ತು. ನಮ್ಮಲ್ಲಿ ಅಕ್ಕನಾದವಳು ತಮ್ಮನ ಮುಂದೆ ತಪ್ಪೊಪ್ಪಿಕೊಳ್ಳುವ ರೂಢಿಯಿಲ್ಲ, ಅದೂ ಊರಿನ ಎದುರಿಗೆ. ಟೇಬಲ್ ಹಿಡಿದುಕೊಂಡು ಎದ್ದೆ.

"ಬರಕೋಬ್ಯಾಡವ್ವ. ಪೆಟ್ಟಿಗಿ ಯಾರಿಗೂ ಬ್ಯಾಡ. ಪಂಪಣ್ಣ, ಕುಂದ್ರಬ್ಯಾಡ, ಕೇಳು. ನಿನ್ನ ಹೂವಿಗೆ ಬರ್ತಿದ್ದ ಹುಳ ಕಾಯಿ ಕಟ್ಟಿಸೋ ಹುಳ. ನೀನು ನೋಡು ಬಾ ಅಂದಿ. ನಾನು ನೋಡಲಿಲ್ಲ, ಕೊಲ್ಲು ಅಂದೆ. ಧೂಳು ಎಷ್ಟು ತಿಂತೋ ನನಗ ಗೊತ್ತಿಲ್ಲ. ನನ್ನ ಲೈಟ್ ತಿಂದಿದ್ದು ಗೊತ್ತಿತ್ತು. ಹೊಲ ಕೊಡ್ಲೋ ಬ್ಯಾಡೋ ಅಂತ ನನ್ನ ಅಂಗಳಕ್ಕ ನೀನು ಕೇಳಾಕ ಬಂದ ದಿನಾನೂ ಗೊತ್ತಿತ್ತು. ನೌಕರಿ ಹೋದೀತಂತ, ನಿನ್ನ ಕಣ್ಣಾಗ ಸಣ್ಣಾಕಿ ಆಗ್ತೀನಂತ ಹೇಳಲಿಲ್ಲ. ತಪ್ಪಾತಪ್ಪ ತಮ್ಮ. ಭಾಳ ದೊಡ್ಡ ತಪ್ಪಾತು."